‘ಅಸಲಿ ಅಲ್ಲ’ ಅಂದದ್ದು

ಅಕ್ಕನ ಫೋನು ಬಂದಾಗ ನಾನು ಲಾರಿ ಡ್ರೈವರೊಬ್ಬನ ದವಡೆ ಹಲ್ಲು ಕೀಳುತ್ತಿದ್ದೆ. ಇಕ್ಕಳ ಕೈಯಲ್ಲಿದ್ದಾಗ ದೇವರೇ ಫೋನು ಮಾಡಿದರೂ ನಾನು ಎತ್ತುವವಳಲ್ಲ. ಆದರೆ ಅದು ನಿಂತು ನಿಂತು ಮತ್ತೆ ಬಡಿದುಕೊಂಡಿತು. ಅಕ್ಕ ಹಾಗೆ ಬೆನ್ನು ಹತ್ತಿ ಫೋನು ಮಾಡುವ ಹೆಂಗಸಲ್ಲ. ಹಲ್ಲು ಕೈಗೆ ಬಂದ ಮೇಲೆ ಅವನಿಗೆ ಹತ್ತಿ ಕಚ್ಚಿಸಿ, ಕೈಗವಸು ತೆಗೆದು ನಾನೇ ಮಾಡಿದೆ.

“ಸಂಜಿಕೆ ಹರಿಹರಕ್ಕೆ ಬಾ,” ಅಂದಳು. “ನಾಣ್ಯ ನೋಡೋ ಸಾಮಾನೆಲ್ಲ ತಗಂಡು ಬಾ. ಅತ್ತೆ ಬರಾಕೆ ಹೇಳ್ಯಾರೆ.”

“ಯಾಕ, ಏನಾತು?”

“ನಾನು ಅಜ್ಜಯ್ಯನ್ನ ಬದಲಿ ಮಾಡೀನಂತೆ.”

ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಜ್ಜಯ್ಯ ಅಂದರೆ ಏನೆಂದು ಮೊದಲು ಹೇಳಬೇಕು. ಅಕ್ಕನ ಗಂಡನ ಮನೆಯವರು ಹರಿಹರದಲ್ಲಿ ತಲೆಮಾರುಗಳಿಂದ ಬೀಜ, ಗೊಬ್ಬರದ ವ್ಯಾಪಾರ ಮಾಡಿಕೊಂಡು ಬಂದವರು. ಹೊಳೆದಂಡೆಯ ಉಕ್ಕಡಗಾತ್ರಿಯಲ್ಲಿ ಗದ್ದುಗೆಯಿರುವ ಅಜ್ಜಯ್ಯನ ಭಕ್ತರು. ಅಮಾವಾಸ್ಯೆ ಬಂದರೆ ಅಂಗಡಿ ಬಾಗಿಲು ಹಾಕಿ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ ಹೊಳೆಯಲ್ಲಿ ಮಿಂದು ಬರುತ್ತಾರೆ. ಅವರ ದೇವರ ಜಗಲಿಯ ಮೇಲೆ ಒಂದು ಬೆಳ್ಳಿ ಬಿಲ್ಲೆ ಇದೆ. ಹಳೆಯ ನಾಲ್ಕಾಣೆಯಷ್ಟು ಅಗಲ, ಮೇಲೊಂದು ಕೊಂಡಿ. ಒಂದು ಕಡೆ ಗಂಡಸಿನ ಪಕ್ಕಮುಖ. ತಲೆಗೆ ಎಲೆಯ ಮಾಲೆ ಸುತ್ತಿಕೊಂಡಿದ್ದಾನೆ, ಮಾಲೆಯ ಗಂಟಿನ ತುದಿ ಕತ್ತಿನ ಹಿಂದೆ ಜಟೆಯ ಹಾಗೆ ಇಳಿಬಿದ್ದಿದೆ. ಇನ್ನೊಂದು ಕಡೆ ಪೀಠದ ಮೇಲೆ ಕೂತ ಹೆಂಗಸು. ಗಂಡಸು ಅಜ್ಜಯ್ಯ, ಹೆಂಗಸು ತಾಯಿ ಎಂದು ಆ ಮನೆಯವರ ನಂಬಿಕೆ. ಅಕ್ಕನ ಅತ್ತೆ ಮದುವೆಯಾಗಿ ಬಂದ ವರ್ಷದಿಂದ ದಿನಾ ಬೆಳಿಗ್ಗೆ ಅದರ ಹಣೆಗೆ ವಿಭೂತಿ ಹಚ್ಚುತ್ತಾ ಬಂದಿದ್ದರು. ಅದನ್ನು ಯಾರೂ ತೊಳೆಯಬಾರದು ಎಂಬುದು ಆ ಮನೆಯ ಕಟ್ಟು. ವಿಭೂತಿ, ಎಣ್ಣೆ, ದೀಪದ ಹೊಗೆ ಎಲ್ಲ ಕೂಡಿ ಬಿಲ್ಲೆ ಕರ್ರಗೆ ಕೂತಿತ್ತು.

ಅದು ಅಜ್ಜಯ್ಯನಾಗಿಯೇ ಇದ್ದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಅಕ್ಕನ ಮೈದುನ ಒಂದು ದಿನ ಅದರ ಫೋಟೊ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಿದ. ಯಾರೋ ಪುಣ್ಯಾತ್ಮರು ‘ಇದು ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯ, ಎರಡು ಸಾವಿರ ವರ್ಷದ್ದು’ ಎಂದು ಬರೆದರು. ಅಲ್ಲಿಂದ ಆ ಮನುಷ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೊಬ್ಬರ ಕೊಳ್ಳಲು ಬಂದ ರೈತರಿಗೂ ಫೋಟೊ ತೋರಿಸುತ್ತಿದ್ದ. ನನಗೂ ಕಳಿಸಿ, ಹೌದೋ ಅಲ್ಲವೋ ಹೇಳಿ ಅಂದ. ಫೋಟೊ ನೋಡಿ ಹೇಳಲಿಕ್ಕೆ ಬರುವುದಿಲ್ಲ, ಕೈಯಲ್ಲಿ ಹಿಡಿದು ನೋಡಬೇಕು ಎಂದು ಬರೆದೆ. ಅದು ನಾನು ಎಲ್ಲರಿಗೂ ಹೇಳುವ ಮಾತು. ಆ ಮನೆಯಲ್ಲಿ ಮಾತ್ರ ಅದು ‘ಡಾಕ್ಟರಮ್ಮಗೆ ನಮ್ಮ ಅಜ್ಜಯ್ಯನ ಮ್ಯಾಲೆ ಕಣ್ಣು ಬಿದ್ದೈತೆ’ ಎಂದಾಗಿತ್ತು.

ನನಗೆ ನಾಣ್ಯದ ಹುಚ್ಚಿರುವುದು ಸುಳ್ಳಲ್ಲ. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಹಗಲೆಲ್ಲ ಹಲ್ಲು ನೋಡುತ್ತೇನೆ, ಭಾನುವಾರ ನಾಣ್ಯ ನೋಡುತ್ತೇನೆ. ಎರಡಕ್ಕೂ ಬೇಕಾದದ್ದು ಒಂದೇ ಭೂತಗನ್ನಡಿ. ಅದರಲ್ಲೂ ಡೆನಾರಿಯಸ್ ಎನ್ನುವ ರೋಮನ್ ಬೆಳ್ಳಿ ನಾಣ್ಯವೆಂದರೆ ನನಗೆ ಊಟ ಬೇಡ. ನಮ್ಮ ಕಡೆಯ ಮೆಣಸಿಗೆ, ಬಟ್ಟೆಗೆ ಬೆಲೆಯಾಗಿ ಸಮುದ್ರ ದಾಟಿ ಬಂದವು ಅವು. ಚಿತ್ರದುರ್ಗದ ಮಗ್ಗುಲಲ್ಲಿ ಮಣ್ಣು ಅಗೆದಾಗಲೂ ಸಿಕ್ಕಿವೆ. ಅಂಥ ನಾಣ್ಯ ನನ್ನ ಹತ್ತಿರವೂ ಕೆಲವಿವೆ, ಸರಿಯಾದ ಹರಾಜಿನಲ್ಲಿ ಕೊಂಡದ್ದು. ಹಲ್ಲಿನ ಡಾಕ್ಟರಿಗೆ ಈ ವಿದ್ಯೆ ಬೇಗ ಹತ್ತುತ್ತದೆ. ಯಾಕೆಂದರೆ ಅಸಲಿ ರೋಮನ್ ನಾಣ್ಯವನ್ನು ಎರಡು ಅಚ್ಚಿನ ನಡುವೆ ಬೆಳ್ಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು, ಖೋಟಾ ನಾಣ್ಯವನ್ನು ಹೆಚ್ಚಾಗಿ ಎರಕ ಹೊಯ್ದು ಮಾಡುತ್ತಾರೆ. ಎರಕದ ಲೋಹ ಹೇಗಿರುತ್ತದೆ ಎಂಬುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಹಲ್ಲಿಗೆ ಹಾಕುವ ಲೋಹದ ಟೋಪಿಗಳೂ ಎರಕದವೇ. ಗಾಳಿಗುಳ್ಳೆ ಸಿಕ್ಕಿಕೊಂಡು ಸಣ್ಣ ಸಣ್ಣ ಗುಳಿ ಬಿದ್ದ ಟೋಪಿಗಳನ್ನು ಎಷ್ಟು ಸಲ ಬೈದು ವಾಪಸು ಕಳಿಸಿಲ್ಲ.

ಆದದ್ದು ಇಷ್ಟು. ಅಜ್ಜಯ್ಯನ ಕೊಂಡಿ ಸಡಿಲವಾಗಿತ್ತು. ಬೆಸುಗೆ ಹಾಕಿಸಿಕೊಂಡು ಬಾ ಎಂದು ಅತ್ತೆಯೇ ಅಕ್ಕನ ಕೈಗೆ ಕೊಟ್ಟಿದ್ದರು. ಅಕ್ಕ ದಾವಣಗೆರೆಗೆ ಬಂದು ಚೌಕಿಪೇಟೆಯ ಬೆಳ್ಳಿ ಕೆಲಸದವನಿಗೆ ಒಪ್ಪಿಸಿ, ನಮ್ಮ ಮನೆಯಲ್ಲಿ ಊಟ ಮಾಡಿ, ಹೋಗುವಾಗ ಇಸಿದುಕೊಂಡು ಹೋದಳು. ಬೆಸುಗೆ ಹಾಕಿದವನು ಸುಮ್ಮನಿರಬೇಕಲ್ಲ. ಪಾಪ, ಒಳ್ಳೆಯದು ಮಾಡೋಣವೆಂದು ಅಂಟುವಾಳದ ನೀರಿನಲ್ಲಿ ಅದ್ದಿ ಹಿತ್ತಾಳೆ ಬ್ರಶ್ಶಿನಿಂದ ಚೆನ್ನಾಗಿ ತಿಕ್ಕಿ ಬೆಳ್ಳಗೆ ಮಾಡಿ ಕೊಟ್ಟ. ಅತ್ತೆ ಕೈಗೆ ತೆಗೆದುಕೊಂಡವರೇ ಇದು ನಮ್ಮ ಅಜ್ಜಯ್ಯ ಅಲ್ಲ ಅಂದರು. ಮುಖ ಬೇರೆ, ಬಣ್ಣ ಬೇರೆ, ಭಾರವೂ ಬೇರೆ. ನಮ್ಮ ಮನೆಗೆ ಹೋಗಿ ಊಟ ಮಾಡಿ ಬಂದಿದ್ದಳಲ್ಲ, ಉಳಿದದ್ದನ್ನು ಮೈದುನ ಜೋಡಿಸಿಕೊಂಡ. ಅಸಲಿಯನ್ನು ತಂಗಿಗೆ ಕೊಟ್ಟು ಅವಳು ಕೊಟ್ಟ ನಕಲಿಯನ್ನು ತಂದಿದ್ದಾಳೆ. ಅಂದಿನಿಂದ ಅಕ್ಕನಿಗೆ ದೇವರ ಮನೆ ಬಂದ್, ಅಡುಗೆ ಮನೆ ಬಂದ್.

ಸಂಜೆಯ ರೋಗಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ ಸ್ಕೂಟರ್ ಹತ್ತಿದೆ. ಚೀಲದಲ್ಲಿ ಭೂತಗನ್ನಡಿ, ಪುಟ್ಟ ತಕ್ಕಡಿ, ಹುಳುಕು ತಡಕುವ ಕೊಕ್ಕೆಸೂಜಿ, ಹೋಲಿಸಿ ನೋಡಲು ನನ್ನದೇ ಒಂದು ಡೆನಾರಿಯಸ್. ಫೋಟೊದಲ್ಲಿ ಆ ಬಿಲ್ಲೆಯ ಮೇಲೆ ಕಂಡಿದ್ದ ರೋಮನ್ ಚಕ್ರವರ್ತಿಯೇ ಇದರ ಮೇಲೂ ಇದ್ದ. ಹೋಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ ಎಂದು ಹೆಮ್ಮೆಯಿಂದಲೇ ಚೀಲಕ್ಕೆ ಹಾಕಿಕೊಂಡಿದ್ದೆ. ಹೈವೇಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ದಾರಿಯುದ್ದಕ್ಕೂ ಭಾವನಿಗೆ ಬೈಯುತ್ತ ಹೋದೆ. ಹೆಂಡತಿಯನ್ನು ಕಳ್ಳಿ ಅನ್ನುತ್ತಿದ್ದಾರೆ, ಈ ಗಂಡಸು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನಲ್ಲ ಎಂದು.

ದೇವಸ್ಥಾನದ ಹಿಂದಿನ ಬೀದಿಯ ಆ ಮನೆಯಲ್ಲಿ ನನಗೆ ನೀರು ತಂದುಕೊಟ್ಟವನು ಭಾವ. ಅವನ ಕೈಯಲ್ಲಿ ನೀರಿನ ಲೋಟ ನೋಡಿದ್ದು ಅದೇ ಮೊದಲು. ಅಕ್ಕ ಅಡುಗೆ ಮನೆಯ ಹೊಸ್ತಿಲಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ತನ್ನ ಮನೆಯಲ್ಲೇ ನೆಂಟರ ಹಾಗೆ ನಿಂತಿದ್ದಳು. ನನ್ನನ್ನು ನೋಡಿ ಬಂದೆಯಾ ಎಂದೂ ಕೇಳಲಿಲ್ಲ.

“ಬರ್ರಿ ಡಾಕ್ಟರಮ್ಮ, ಕೂಡ್ರಿ,” ಅಂದ ಮೈದುನ. “ನಾಳೆ ಅಮಾಸಿ. ಅಜ್ಜಯ್ಯನ್ನ ಬಿಟ್ಟು ಉಕ್ಕಡಗಾತ್ರಿಗೆ ಹೋಗಂಗಿಲ್ಲ. ಇದು ನಮ್ಮದು ಹೌದೋ ಅಲ್ಲೋ ಇವತ್ತು ತೀರ್ಮಾನ ಆಗ್ಬೇಕು. ಅಲ್ಲ ಅಂದ್ರೆ ಹದಡಿಯಿಂದ ನಿಮ್ಮ ಹಿರೇರನ್ನ ಕರೆಸ್ತೀವಿ. ಅವರು ಬಂದು ಮಗಳನ್ನ ಕರಕಂಡು ಹೋಗ್ಲಿ.”

ಹದಡಿ ನಮ್ಮ ತವರು. ಅಲ್ಲಿಂದ ಚಿಕ್ಕಪ್ಪಂದಿರು ಬಂದು ಈ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂರುವುದು ನನ್ನ ಕಣ್ಣಿಗೆ ಬಂತು. ಕಳ್ಳಿ ಅನ್ನಿಸಿಕೊಂಡು ಅಕ್ಕ ಈ ಮನೆಯ ಮೆಟ್ಟಿಲು ಇಳಿದರೆ ಮತ್ತೆ ಹತ್ತುವವಳಲ್ಲ, ಅದೂ ನನಗೆ ಗೊತ್ತಿತ್ತು.

“ನಾನು ಅವಳ ತಂಗಿ,” ಅಂದೆ. “ನಾ ಹೇಳಿದ್ದನ್ನ ನೀವು ನಂಬ್ತೀರಾ?”

ಮೈದುನ ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು. “ನಾ ನಂಬ್ತೀನವ್ವ. ನನ್ನ ಬಾಯಾಗೆ ಒಂದು ಹಲ್ಲೂ ಉಳಿಯಂಗಿಲ್ಲ ಅಂತ ಮುಖಕ್ಕೆ ಹೇಳಿದಾಕಿ ನೀನೊಬ್ಬಾಕಿನೇ. ಉಳಿದೋರೆಲ್ಲ ನೋಡಾನು ನೋಡಾನು ಅಂತ ದುಡ್ಡು ತಗಂಡ್ರು. ಇದನ್ನೂ ಹಂಗೇ ಹೇಳು. ಇದ್ದಿದ್ದನ್ನ ಇದ್ದಂಗೆ.”

ಹಿತ್ತಾಳೆಯ ತಟ್ಟೆಯಲ್ಲಿ ಬಿಲ್ಲೆ ತಂದು ನನ್ನ ಮುಂದಿಟ್ಟರು. ಮೈದುನ ನನ್ನ ಕೈ ಕಾಣುವ ಹಾಗೆ ಎದುರಿಗೇ ಕೂತ. ನನ್ನ ಬೆರಳು ಎಲ್ಲಿ ಹೋಗುತ್ತವೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಕಣ್ಣಿಗೆ ಗಾಜು ಹತ್ತಿದ ಮೇಲೆ ನನಗೆ ಕೋಣೆ ಮರೆತುಹೋಗುತ್ತದೆ. ಅದು ನನ್ನ ಅಭ್ಯಾಸ, ಕೆಲಸದ ಅಭ್ಯಾಸ. ರೋಗಿ ಎಷ್ಟೇ ನರಳಲಿ, ನನಗೆ ಕಾಣುವುದು ಹಲ್ಲೊಂದೇ. ಮೊದಲು ಅಕ್ಷರ ನೋಡಿದೆ. ಅಚ್ಚು ಹೊಡೆದ ನಾಣ್ಯದಲ್ಲಿ ಅಕ್ಷರದ ಅಂಚು ಎಷ್ಟು ಸವೆದರೂ ಚೂಪಿನ ನೆನಪು ಉಳಿಸಿಕೊಂಡಿರುತ್ತದೆ. ಇಲ್ಲಿ ಅಕ್ಷರಗಳು ಬೆಲ್ಲದ ಹಾಗೆ ಮೆತ್ತಗಿದ್ದವು. ಅಕ್ಷರಗಳ ನಡುವಿನ ಬಯಲಿನಲ್ಲಿ ಗುಳಿಗಳು, ಸೂಜಿಮೊನೆಯಷ್ಟು, ದುಂಡಗೆ, ಒಂದರ ಪಕ್ಕ ಒಂದು. ಅಂಚು ತಿರುಗಿಸಿದೆ. ಸುತ್ತಲೂ ಕೂದಲೆಳೆಯಂಥ ಗೆರೆ, ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಬ್ಬಿದ್ದನ್ನು ಅರದಿಂದ ಉಜ್ಜಿದ ಗುರುತು. ತೂಗಿದೆ. ಕೊಂಡಿಯ ಲೆಕ್ಕ ಬಿಟ್ಟರೂ ಹಗುರ. ಸಂಶಯವೇ ಇರಲಿಲ್ಲ. ಎರಕ.

“ಇದು ಅಸಲಿ ಅಲ್ಲ,” ಅಂದೆ.

ಕ್ಲಿನಿಕ್ಕಿನಲ್ಲಿ ಈ ಹಲ್ಲು ಉಳಿಯಲ್ಲ ಅನ್ನುತ್ತೇನಲ್ಲ, ಅದೇ ದನಿಯಲ್ಲಿ, ತಲೆ ಎತ್ತದೆ ಅಂದೆ.

ಗಾಜು ತೆಗೆದು ನೋಡಿದಾಗ ಭಾವ ಎದ್ದು ನಿಂತಿದ್ದ. ಮೈದುನ ಅತ್ತೆಯ ಕಡೆ ತಿರುಗಿ, “ಕೇಳಿದ್ಯೇನವ್ವ,” ಅಂದ. “ಸ್ವಂತ ತಂಗಿನೇ ಹೇಳಿದ್ಲು. ಇನ್ನೇನು ಬೇಕು.”

ಆಗ ನನ್ನ ತಲೆಗೆ ಹೊಳೆಯಿತು. ನಾಣ್ಯ ನೋಡುವ ನಮಗೆ ಅಸಲಿ ಅಂದರೆ ರೋಮಿನ ಟಂಕಸಾಲೆಯಲ್ಲಿ ಹೊಡೆದದ್ದು. ಆ ಮನೆಯಲ್ಲಿ ಅಸಲಿ ಅಂದರೆ ಮುಂಚೆಯಿಂದ ನಮ್ಮ ಜಗಲಿಯ ಮೇಲಿದ್ದದ್ದು. ಒಂದೇ ಮಾತು, ಅವರು ಕೇಳಿದ್ದೇ ಬೇರೆ, ನಾನು ಹೇಳಿದ್ದೇ ಬೇರೆ. ಇದು ರೋಮಿನದಲ್ಲ ಎಂದು ನಾನು ಅಂದದ್ದು ಅವರ ಕಿವಿಗೆ ನಿನ್ನ ಸೊಸೆ ಕಳ್ಳಿ ಎಂದು ಬಿದ್ದಿತ್ತು. ನಾಲಿಗೆ ಕಚ್ಚಿಕೊಂಡೆ. ಏನು ಪ್ರಯೋಜನ.

ಅಕ್ಕನ ಕಡೆ ನೋಡಿದೆ. ಅವಳು ನನ್ನನ್ನು ನೋಡದೆ ನೆಲ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ನನ್ನೊಳಗೂ ಒಂದು ಹಾಳು ಯೋಚನೆ ಹಾದುಹೋಯಿತು. ಈ ಮನೆಯ ಹಳೆಯ ಬಿಲ್ಲೆಯನ್ನು ನಾನು ಎಂದೂ ಕೈಯಲ್ಲಿ ಹಿಡಿದವಳಲ್ಲ. ಅದು ನಿಜಕ್ಕೂ ರೋಮನ್ ನಾಣ್ಯವೇ ಆಗಿದ್ದರೆ? ಯಾರೋ ನಿಜಕ್ಕೂ ಬದಲಾಯಿಸಿದ್ದರೆ? ಬೆಳ್ಳಿ ಕೆಲಸದವನು. ಅವನಲ್ಲದಿದ್ದರೆ ಅಕ್ಕ.

“ಹಂಗಲ್ಲ,” ಅಂದೆ. “ನಾ ಹೇಳಿದ್ದು, ಇದು ರೋಮ್ ದೇಶದ್ದಲ್ಲ ಅಂತ. ನಿಮ್ಮ ಮನೇದಲ್ಲ ಅಂತ ಅಲ್ಲ.”

“ನಮ್ಮ ಮನೇದು ರೋಮ್ ದೇಶದ್ದೇ,” ಅಂದ ಮೈದುನ. “ಇದು ಅಲ್ಲ ಅಂದ್ರೆ ಇದು ನಮ್ಮ ಮನೇದಲ್ಲ. ಸುತ್ತಿ ಬಳಸಿ ಮಾತಾಡಬ್ಯಾಡ್ರಿ.”

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬುದ್ಧಿ ನೆಟ್ಟಗಿರುವುದಿಲ್ಲ. ವಾಟ್ಸಾಪಿನ ಪಂಡಿತನ ಮಾತು ಹಿಡಿದುಕೊಂಡು ಕುಣಿಯುವ ಇವನಿಗೆ ರೋಮನ್ ನಾಣ್ಯ ಹೇಗಿರುತ್ತದೆ ಎಂದು ತೋರಿಸಿಯೇ ಬಿಡುತ್ತೇನೆ ಎಂದು ಚೀಲಕ್ಕೆ ಕೈ ಹಾಕಿ, ನನ್ನ ಡೆನಾರಿಯಸ್ ತೆಗೆದು ತಟ್ಟೆಯ ಮೇಲಿಟ್ಟೆ.

ಅದು ಕರ್ರಗಿತ್ತು. ಹಳೆಯ ಬೆಳ್ಳಿ ಹೇಗೆ ಕಪ್ಪಾಗಬೇಕೋ ಹಾಗೆ, ಮುಖ ಮಾತ್ರ ನಸುವಾಗಿ ಹೊಳೆಯುತ್ತ. ಅದೇ ಚಕ್ರವರ್ತಿ, ಅದೇ ಎಲೆಮಾಲೆ, ಅದೇ ಜಟೆ.

ಅತ್ತೆ ಎದ್ದು ಬಂದು ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು. ಕಣ್ಣಿಗೆ ಒತ್ತಿಕೊಂಡರು. “ಇವನೇ,” ಅಂದರು. “ಇವನೇ ನಮ್ಮ ಅಜ್ಜಯ್ಯ.”

ಮೈದುನ ಹೋಗಿ ಬೀದಿ ಬಾಗಿಲು ಹಾಕಿ ಬಂದ. “ಇದು ನಿಮ್ಮ ಚೀಲದಾಗೆ ಹೆಂಗೆ ಬಂತ್ರಿ?”

“ಅದು ನಂದು. ದುಡ್ಡು ಕೊಟ್ಟು ತಗಂಡಿದ್ದು.”

“ಹೌದು ಬಿಡ್ರಿ. ಎಷ್ಟು ಕೊಟ್ರಿ, ಯಾರಿಗೆ ಕೊಟ್ರಿ ಅನ್ನೋದೂ ಹೇಳ್ರಿ ಮತ್ತೆ.”

ಹೇಳುವಾಗ ಅವನು ಅಕ್ಕನನ್ನು ನೋಡಿದ. ಅಕ್ಕ ಮೊದಲ ಸಲ ತಲೆ ಎತ್ತಿ ಮೆಲ್ಲಗೆ ಕೇಳಿದಳು. “ಅದನ್ನ ಯಾಕ ತಂದಿ?”

ಅಲ್ಲಿಯವರೆಗೆ ಅವಳ ಮೇಲಿದ್ದದ್ದು ಬರೀ ಅನುಮಾನ, ನಾನು ಬಂದು ಸಾಕ್ಷಿ ಒದಗಿಸಿದ್ದೆ. ಅತ್ತೆ ಆಗಲೇ ನನ್ನ ನಾಣ್ಯ ಹಿಡಿದು ದೇವರ ಮನೆಯ ಕಡೆ ಹೊರಟಿದ್ದರು. ಜಗಲಿಯ ಮೇಲೆ ಅದು ಕೂತರೆ ಮುಗಿಯಿತು, ನಾನೂ ಅಕ್ಕನೂ ಸೇರಿ ಕದ್ದವರೆಂದು ಇಡೀ ಹರಿಹರಕ್ಕೆ ಗೊತ್ತಾಗುತ್ತದೆ.

“ಅತ್ತೆ, ತಡೀರಿ,” ಅಂದೆ. ಕೂಗಿದೆ ಅಂದರೂ ಸರಿ. “ಒಳಗೆ ಇಡೋದಕ್ಕೆ ಮುಂಚೆ ಕೊಂಡಿ ಎಲ್ಲೈತೆ ನೋಡ್ರಿ. ಬೆಸುಗೆ ಬಿಚ್ಚಿದ್ರೆ ಕಲೆ ಉಳೀತದೆ. ಅಂಚಿನ ಮ್ಯಾಲೆ ಬೆರಳು ಆಡಿಸಿ ನೋಡ್ರಿ.”

ಅವರು ನಿಂತು ಬೆರಳಾಡಿಸಿದರು. ಏನೂ ಹತ್ತಲಿಲ್ಲವೆಂದು ಅವರ ಮುಖ ಹೇಳಿತು. “ಉಜ್ಜಿ ತೆಗ್ದಿರ್ತಾರೆ ಬಿಡವ್ವ,” ಅಂದ ಮೈದುನ. ಆದರೆ ಅತ್ತೆ ಮುಂದೆ ಹೆಜ್ಜೆ ಇಡಲಿಲ್ಲ. ನನಗೆ ಬೇಕಾಗಿದ್ದದ್ದೂ ಅಷ್ಟೇ ಹೊತ್ತು.

ಮತ್ತೆ ಗಾಜು ಹಿಡಿದೆ. ಈ ಸಲ ನಾಣ್ಯ ಯಾವ ದೇಶದ್ದು ಎಂದು ಕೇಳಲಿಲ್ಲ. ಇದು ಈ ಮನೆಯಲ್ಲಿ ಇತ್ತೋ ಇಲ್ಲವೋ ಎಂದು ಕೇಳಿದೆ. ಗುಳಿಗಳು ಎಲ್ಲ ಕಡೆ ಇದ್ದವು, ಕೆನ್ನೆಯ ಮೇಲೆ, ಕತ್ತಿನ ಮೇಲೆ, ಅಕ್ಷರಗಳ ನಡುವೆ. ಅಲ್ಲೆಲ್ಲ ಗುಳಿಯ ಬಾಯಿ ಚೂಪಾಗಿತ್ತು. ಹಣೆಯ ಮೇಲೆ ಮಾತ್ರ ಹಾಗಿರಲಿಲ್ಲ. ಹಣೆ ತಗ್ಗಾಗಿತ್ತು, ಗುಳಿಗಳ ಬಾಯಿ ನುಣ್ಣಗೆ ಮಟ್ಟಸವಾಗಿತ್ತು. ಎರಕ ಹೊಯ್ದಾಗ ಎಲ್ಲ ಗುಳಿಯೂ ಒಂದೇ ಥರ ಇರಬೇಕು. ಹಣೆಯವು ಮಾತ್ರ ಸವೆದಿವೆ ಅಂದರೆ ಎರಕವಾದ ಮೇಲೆ ಯಾರೋ ಆ ಹಣೆಯನ್ನು ವರ್ಷಗಟ್ಟಲೆ ತಿಕ್ಕಿದ್ದಾರೆ. ಬೆಳ್ಳಿ ಕೆಲಸದವನ ಬ್ರಶ್ಶು ಒಂದು ದಿನದಲ್ಲಿ ಹೀಗೆ ಮಾಡಲಾರದು, ಮಾಡಿದ್ದರೂ ಹಣೆಯನ್ನು ಮಾತ್ರ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಸವೆತ ಒಂದು ಕಡೆ ಆಳ, ಇನ್ನೊಂದು ಕಡೆ ತೆಳುವಾಗಿ ಇಳಿಜಾರಾಗಿತ್ತು.

ಈ ಸವೆತವನ್ನು ನಾನು ದಿನಾ ನೋಡುತ್ತೇನೆ. ಹಲ್ಲಿಗೆ ಬೂದಿ, ಇದ್ದಿಲು ಹಾಕಿ ತಿಕ್ಕುವವರ ಬಾಯಲ್ಲಿ ಒಂದು ಪಕ್ಕದ ಹಲ್ಲು ಹೆಚ್ಚು ಸವೆದಿರುತ್ತದೆ. ಅದನ್ನು ನೋಡಿಯೇ ಈ ಮನುಷ್ಯ ಬಲಗೈಯವನೋ ಎಡಗೈಯವನೋ ಹೇಳಬಹುದು.

“ಅತ್ತೆ, ನೀವು ಅಜ್ಜಯ್ಯಗೆ ವಿಭೂತಿ ಹೆಂಗೆ ಹಚ್ಚತೀರಿ? ಕೈ ಮಾಡಿ ತೋರಸ್ರಿ.”

ಅವರಿಗೆ ಅರ್ಥವಾಗಲಿಲ್ಲ. ಆದರೂ ನನ್ನ ನಾಣ್ಯವನ್ನು ಭಾವನ ಕೈಗೆ ಕೊಟ್ಟು, ಎಡ ಅಂಗೈ ಚಾಚಿ, ಅದರ ಮೇಲೆ ಬಲ ಹೆಬ್ಬೆರಳು ಒತ್ತಿ ಓರೆಯಾಗಿ ಎಳೆದರು. ಮೂರು ಬೆರಳಲ್ಲ, ಹೆಬ್ಬೆರಳು. ಬಿಲ್ಲೆ ಸಣ್ಣದಲ್ಲವೇ, ಮೂರು ಬೆರಳು ಹಿಡಿಸುವುದಿಲ್ಲ. ಮೊದಲು ಜೋರಾಗಿ ಒತ್ತಿ ಆಮೇಲೆ ಹಗುರಾಗಿ ಬಿಡುತ್ತಿದ್ದರು. ಇಳಿಜಾರು ಅದೇ ಕಡೆಗಿತ್ತು. ಗಾಜನ್ನು ಭಾವನ ಕಣ್ಣಿಗೆ ಹಿಡಿದು ತೋರಿಸಿದೆ. ಅವನು ನೋಡಿದ, ತಾಯಿಯ ಕೈ ನೋಡಿದ, ಮತ್ತೆ ನೋಡಿದ.

“ಹೌದಲ್ಲ,” ಅಂದ. ಆ ಮನುಷ್ಯ ಅಂದು ಆಡಿದ ಮೊದಲ ಮಾತು.

“ಎಲ್ಲರ ಮನ್ಯಾಗೂ ವಿಭೂತಿ ಹಚ್ಚತಾರೆ,” ಅಂದ ಮೈದುನ. “ಯಾರ ಮನೇದೋ ಹಳೇದು ತಂದು ಇಟ್ಟಿರಬೌದು.”

ಅವನ ಮಾತಿನಲ್ಲಿ ಹುರುಳಿತ್ತು, ಅದೇ ನನಗೆ ಸಂಕಟ. ಉಳಿದದ್ದು ಗುಳಿಗಳು. ಹಣೆಯ ಮೇಲಿನ ದೊಡ್ಡದೊಂದು ಗುಳಿಗೆ ಕೊಕ್ಕೆಸೂಜಿ ಇಳಿಸಿದೆ. ಮೊನೆ ತಳ ಮುಟ್ಟಲಿಲ್ಲ. ಒಳಗೆ ಏನೋ ಗಟ್ಟಿಯಾಗಿ ತುಂಬಿಕೊಂಡಿತ್ತು. ಬ್ರಶ್ಶಿನ ಕೂದಲು ಹೋಗದಷ್ಟು ಆಳದಲ್ಲಿ, ಅಂಟುವಾಳದ ನೀರಿಗೂ ಬಿಡದೆ ಕೂತಿತ್ತು. ಹಲ್ಲಿನ ಸಂದಿಯ ಕಿಟ್ಟ ತೆಗೆಯುವ ಹಾಗೆ ಸುತ್ತಲೂ ಬಿಡಿಸಿ ಬಿಡಿಸಿ ಮೇಲೆತ್ತಿದೆ. ಸೂಜಿ ಜಾರಬಾರದು ಎಂದು ಮೊಣಕೈಯನ್ನು ತಟ್ಟೆಯ ಪಕ್ಕದ ನೆಲಕ್ಕೆ ಊರಿದ್ದೆ. ಸಾಸಿವೆಗಿಂತ ಸಣ್ಣ ಚೂರೊಂದು ಬಂತು.

ಅದನ್ನು ನನ್ನ ಕರೀ ಮೊಬೈಲಿನ ಗಾಜಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಬಿಳಿ, ಕಪ್ಪು, ಮತ್ತೆ ಬಿಳಿ, ನಡುವೆ ಕೆಂಚಗೆ ಒಂದು ಎಳೆ. ವಿಭೂತಿ, ದೀಪದ ಹೊಗೆ, ಮತ್ತೆ ವಿಭೂತಿ, ಎಣ್ಣೆ.

“ಅತ್ತೆ, ಜಗಲಿ ಮ್ಯಾಲೆ ಯಾವ ಎಣ್ಣೆ ಸುಡ್ತೀರಿ?”

“ಔಡಲ ಎಣ್ಣೆ. ನಮ್ಮ ಅತ್ತೆ ಕಾಲದಿಂದ ಅದೇ. ಈ ಓಣ್ಯಾಗೆ ನಮ್ಮನೆ ಒಂದೇ, ಎಲ್ಲ ನಗ್ತಾರೆ.”

ಚೂರನ್ನು ಬೆರಳ ತುದಿಯಲ್ಲಿ ಪುಡಿ ಮಾಡಿ ಅವರ ಮೂಗಿಗೆ ಹಿಡಿದೆ. ನನಗೆ ಏನೂ ವಾಸನೆ ಬಂದಿರಲಿಲ್ಲ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇದು ಪರೀಕ್ಷೆಯೇ ಅಲ್ಲ ಎಂದು ನನ್ನ ಓದು ಒಳಗೊಳಗೇ ಹೇಳುತ್ತಿತ್ತು, ಅದೂ ನಿಜ.

“ನಮ್ಮದು,” ಅಂದರು ಅತ್ತೆ. “ಕಮಟು ಔಡಲ. ನಮ್ಮದೇ ಐತೆ ಇದು.”

ಬಿಲ್ಲೆಯನ್ನು ಎತ್ತಿಕೊಂಡು ಹೆಬ್ಬೆರಳನ್ನು ಅದರ ಹಣೆಯ ತಗ್ಗಿಗೆ ಇಟ್ಟು ನೋಡಿದರು. ಬೆಳ್ಳಗಾಗಿದ್ದರಿಂದ ಮೊದಲ ದಿನದ ಮೇಲೆ ಮತ್ತೆ ಮುಟ್ಟಲು ಮನಸ್ಸೇ ಬಂದಿರಲಿಲ್ಲವಂತೆ. ಬೆರಳು ಅಲ್ಲಿ ಸರಿಯಾಗಿ ಕೂತಿತು. ನನಗೆ ಅಳು ಬಂದುಬಿಟ್ಟಿತು. ಮೂಗು ಒರೆಸಿಕೊಂಡು ಸಾಮಾನು ಚೀಲಕ್ಕೆ ತುಂಬತೊಡಗಿದೆ.

ಇಷ್ಟಕ್ಕೆ ಬಿಡಬಹುದಿತ್ತು. ಅತ್ತೆ ಬಿಡಲಿಲ್ಲ. “ಮತ್ತೆ ಅಸಲಿ ಅಲ್ಲ ಅಂದ್ಯಲ್ಲ ತಂಗಿ?”

ಹೇಳಲೇಬೇಕಾಯಿತು. ಇದು ನಿಮ್ಮದೇ, ಮುಂಚೆಯಿಂದ ಇದ್ದದ್ದೂ ಇದೇ. ಆದರೆ ಹಿಂದೆ ಯಾವಾಗಲೋ ಯಾರೋ ಒಂದು ರೋಮನ್ ನಾಣ್ಯದಿಂದ ಅಚ್ಚು ತೆಗೆದು ಬೆಳ್ಳಿ ಹೊಯ್ದು ಮಾಡಿದ ನಕಲು. ಈ ಗುಳಿಗಳು ಅಸಲಿ ನಾಣ್ಯದಲ್ಲಿ ಇರುತ್ತಿರಲಿಲ್ಲ. ಗುಳಿ ಇಲ್ಲದಿದ್ದರೆ ಒಳಗೆ ನಿಮ್ಮ ವಿಭೂತಿಯೂ ಉಳಿಯುತ್ತಿರಲಿಲ್ಲ, ಅಕ್ಕನ ಮಾತನ್ನು ನೀವು ನಂಬುತ್ತಲೂ ಇರಲಿಲ್ಲ. ಮೈದುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಷ್ಟು ಜನಕ್ಕೆ ತೋರಿಸಿದ್ದ ಫೋಟೊ ನೆನಪಾಗಿರಬೇಕು.

“ಹಂಗಾರೆ ನಾ ಇಷ್ಟು ವರ್ಷ ಪೂಜಿ ಮಾಡಿದ್ದು ಖೋಟಾ ರೊಕ್ಕಕ್ಕಾ?” ಅಂದರು ಅತ್ತೆ.

“ನೀವು ಅಜ್ಜಯ್ಯಗೆ ಮಾಡಿದ್ರಿ,” ಅಂದೆ. ಬೇರೆ ಏನು ಹೇಳಬೇಕೋ ತೋಚಲಿಲ್ಲ.

ಅವರು ಬಿಲ್ಲೆ ಹಿಡಿದುಕೊಂಡು ದೇವರ ಮನೆಗೆ ಹೋದರು. ಒಳಗೆ ತಟ್ಟೆ ಸರಿಸಿದ ಸದ್ದಾಯಿತು. ಸುಮಾರು ಹೊತ್ತಿನ ಮೇಲೆ ಅಲ್ಲಿಂದಲೇ ಕರೆದರು. “ಬಾರವ್ವ, ದೀಪಕ್ಕೆ ಎಣ್ಣಿ ಹಾಕು. ಹೊತ್ತಾತು.” ಕರೆದದ್ದು ಅಕ್ಕನನ್ನು. ತಪ್ಪಾಯಿತು ಅನ್ನಲಿಲ್ಲ. ಆ ವಯಸ್ಸಿನವರು ಸೊಸೆಗೆ ಹಾಗನ್ನುವುದನ್ನು ನಾನು ಎಲ್ಲೂ ಕಂಡಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಭಾವ ನನ್ನ ನಾಣ್ಯವನ್ನು ಎರಡು ಕೈಯಲ್ಲಿ ತಂದು ಕೊಟ್ಟ.

ಹೊರಡುವಾಗ ಅಕ್ಕ ಗೇಟಿನವರೆಗೆ ಬಂದಳು. ನಾನು ಗೆದ್ದವಳ ಹಾಗೆ ಇದ್ದೆ, ಒಳಗೆ ಆದದ್ದನ್ನು ಅವಳ ಜೊತೆ ಮತ್ತೊಮ್ಮೆ ಆಡಿ ನಗಬೇಕು ಅನ್ನಿಸುತ್ತಿತ್ತು. ಮೈದುನನ ಮುಖ ನೋಡಿದೆಯಾ ಅಂದೆ. ಅವಳು ನಗಲಿಲ್ಲ.

“ಅಸಲಿ ಅಲ್ಲ ಅಂದ ಮ್ಯಾಲೆ ನನ್ನ ಕಡೆ ನೋಡಿದ್ಯಲ್ಲ,” ಅಂದಳು. “ಆವಾಗ ನಾನೇ ಬದಲಿ ಮಾಡಿರಬೌದು ಅಂತ ಅನ್ನಿಸ್ತಾ ನಿನಗ?”

ಸ್ಕೂಟರಿನ ಕೀಲಿ ಕೈಯಲ್ಲಿತ್ತು. ಬೀದಿಯಲ್ಲಿ ಹುಡುಗರು ಸೈಕಲ್ ಬಿಡುತ್ತಿದ್ದರು. ಸಂಜೆಯಿಂದ ಇದ್ದಿದ್ದನ್ನು ಇದ್ದ ಹಾಗೆ ಹೇಳಿ ಹೇಳಿ ನನ್ನ ಬಾಯಿಗೆ ಅದೇ ರೂಢಿಯಾಗಿತ್ತು.

“ಅನ್ನಿಸ್ತು,” ಅಂದೆ. “ಒಂದು ಗಳಿಗೆ.”

ಅವಳು ತಲೆಯಾಡಿಸಿದಳು. ಸಿಟ್ಟಾಗಲಿಲ್ಲ. ಗೇಟಿನ ಚಿಲಕಕ್ಕೆ ಕೈ ಹಾಕಿದಳು.

“ಅತ್ತೆಗೆ ಹಂಗ ಅನ್ನಿಸಿದ್ರೆ ಅದು ಬ್ಯಾರೆ,” ಅಂದಳು. “ಒಳಗೆ ಅಷ್ಟು ಮಂದಿ ಮುಂದೆ ಖರೆ ಹೇಳಿದ್ಯಲ್ಲ, ಅದು ಸಾಕಿತ್ತು. ಇಲ್ಲಿ ನಾವಿಬ್ರೇ ಇದ್ವಿ. ಇಲ್ಲಿ ಒಂದು ಸುಳ್ಳು ಹೇಳಬೌದಿತ್ತು.”

ಹುಷಾರಾಗಿ ಹೋಗು, ಮುಟ್ಟಿದ ಮೇಲೆ ಫೋನು ಮಾಡು ಅಂದು ಗೇಟು ಹಾಕಿಕೊಂಡಳು. ಮುಟ್ಟಿದ ಮೇಲೆ ಅಕ್ಕನ ಫೋನಿಗೆ ಮಾಡಿದೆ. ಎತ್ತಿದವನು ಭಾವ.